ಬ್ಲೆಂಡರ್‌ನಲ್ಲಿ ಕೆಂಪಿನ ಅಡ್ಡಿಕೆ ಒನ್ ಗ್ರಾಮ್ ಗೋಲ್ಡ್ ತರ ಕಾಣ್ತಿದೆ, ಏನು ಮಾಡಲಿ?

ಕೀಫ್ರೇಮ್ ಕಟ್ಟೆ:
ಎಲ್ಲರಿಗೂ ನಮಸ್ಕಾರ. ಮೂರು ತಲೆಮಾರಿನ ಚಿನ್ನದಂಗಡಿಯೊಂದಕ್ಕೆ ವರಮಹಾಲಕ್ಷ್ಮಿ ಹಬ್ಬದ ಜಾಹೀರಾತು ಮಾಡುತ್ತಿದ್ದೇನೆ. ಕೆಂಪು ಕಲ್ಲಿನ ಅಡ್ಡಿಕೆಯನ್ನು (ಕತ್ತಿನ ಒಡವೆ) ಬ್ಲೆಂಡರ್ 4 ಎಂಬ 3ಡಿ ತಂತ್ರಾಂಶದಲ್ಲಿ ಮಾಡೆಲ್ ಮಾಡಿ ಕಪ್ಪು ಹಿನ್ನೆಲೆಯಲ್ಲಿ ಗಿರಗಿರ ತಿರುಗಿಸಿದ್ದೇನೆ. ಚಿನ್ನ ಬಿಳಿಚಿಕೊಂಡಿದೆ, ಕಲ್ಲು ಜೆಲ್ಲಿ ಮಿಠಾಯಿ ತರ ಇದೆ. ಯಜಮಾನರು ನೋಡಿ "ಇದು ಒನ್ ಗ್ರಾಮ್ ಗೋಲ್ಡ್ ಅಲ್ವಾ?" ಅಂದರು. ಲೈಟ್ ಜಾಸ್ತಿ ಮಾಡಿದಷ್ಟೂ ಇನ್ನಷ್ಟು ಬಿಳಿಚುತ್ತದೆ. ಇನ್ನೊಂದು ತಲೆನೋವು: ವಿಡಿಯೊ ತಂತ್ರಾಂಶ ಆಫ್ಟರ್ ಎಫೆಕ್ಟ್ಸ್‌ನಲ್ಲಿ 'ವರಮಹಾಲಕ್ಷ್ಮಿ' ಅಂತ ಒಂದೊಂದೇ ಅಕ್ಷರ ಬರುವಂತೆ ಮಾಡಿದರೆ ಒತ್ತಕ್ಷರ ಚೆಲ್ಲಾಪಿಲ್ಲಿ.

ರೆಂಡರ್ ರಾಯರು:
ಕಲ್ಲಿಗೆ ಯಾವ ಮೆಟೀರಿಯಲ್ ಹಾಕಿದ್ದೀರಿ? ಹಿಂಬದಿ ಮುಚ್ಚಿದೆಯೋ, ತೆರೆದಿದೆಯೋ?

ಕೀಫ್ರೇಮ್ ಕಟ್ಟೆ:
ಗ್ಲಾಸ್. ಹಿಂಬದಿ ತೆರೆದಿದೆ ಸರ್. ವಜ್ರದ ಉಂಗುರದ ಟ್ಯುಟೋರಿಯಲ್ ನೋಡಿ ಮಾಡಿದ್ದು.

ರೆಂಡರ್ ರಾಯರು:
ಅಲ್ಲೇ ಇದೆ ನೋಡಿ ತೊಂದರೆ. ವಜ್ರದ ಲೆಕ್ಕ ಬೇರೆ, ಹಳೇ ಕೆಂಪಿನ ಲೆಕ್ಕ ಬೇರೆ. ಹಳೇ ಒಡವೆಯಲ್ಲಿ ಕಲ್ಲಿನ ಹಿಂಬದಿ ಪೂರ್ತಿ ಮುಚ್ಚಿರುತ್ತದೆ, ಕಲ್ಲಿನ ಕೆಳಗೆ ತೆಳು ತಗಡು ಇಟ್ಟಿರುತ್ತಾರೆ. ಬೆಳಕು ಆಚೆ ಹೋಗುವುದಿಲ್ಲ, ತಗಡಿಗೆ ಬಡಿದು ವಾಪಸ್ ಬರುತ್ತದೆ. ಆ ಒಳಗಿನ ಕೆಂಪು ಬರುವುದೇ ಹಾಗೆ. ಮಾಡೆಲ್‌ನಲ್ಲೂ ಹಾಗೇ ಮಾಡಿ: ಹಿಂಬದಿ ಮುಚ್ಚಿ, ಕಲ್ಲಿನ ಕೆಳಗೆ ಸ್ವಲ್ಪ ಸುಕ್ಕಿರುವ ಲೋಹದ ಹಾಳೆ ಇಡಿ. ಐಓಆರ್ (ಕಲ್ಲಿನೊಳಗೆ ಬೆಳಕು ಎಷ್ಟು ಬಾಗುತ್ತದೆ ಎಂಬ ಅಂಕಿ) 1.76 ಇಡಿ, ಅದು ಮಾಣಿಕ್ಯದ್ದು. ಮೇಲ್ಮೈಗೆ ವಜ್ರದ ಹಾಗೆ ಮುಖಗಳನ್ನು ಕತ್ತರಿಸಬೇಡಿ, ಸ್ವಲ್ಪ ಉಬ್ಬಿಸಿ ನುಣ್ಣಗೆ ಬಿಡಿ. ಎಲ್ಲ ಕಲ್ಲನ್ನೂ ಒಂದೇ ಅಚ್ಚಿನಿಂದ ಕಾಪಿ ಮಾಡಿದರೆ ಮಷಿನ್ ಮಾಲು ಅಂತ ಗೊತ್ತಾಗಿಬಿಡುತ್ತದೆ. ಒಂದೊಂದನ್ನೂ ಒಂದೆರಡು ಡಿಗ್ರಿ ಓರೆ ಮಾಡಿ.

ಚಿನ್ನ ಬಿಳಿಚುವುದು ಎಜಿಎಕ್ಸ್‌ನಿಂದ, ಅಂದರೆ ಬಣ್ಣವನ್ನು ತೆರೆಗೆ ಹೊಂದಿಸುವ ಸೆಟ್ಟಿಂಗ್‌ನಿಂದ. ಬ್ಲೆಂಡರ್ 4.0ರಿಂದ ಅದೇ ಡೀಫಾಲ್ಟ್, ಬೆಳಕು ಹೆಚ್ಚಾದ ಕಡೆ ಬಣ್ಣವನ್ನು ಬಿಳಿಯ ಕಡೆಗೆ ಎಳೆಯುತ್ತದೆ. 'ಲುಕ್' ಸೆಟ್ಟಿಂಗ್‌ನಲ್ಲಿ 'ಪಂಚಿ' (Punchy) ಆರಿಸಿ ಲೈಟ್ ಇಳಿಸಿ. ಚಿನ್ನದ ಬೇಸ್ ಕಲರ್ (ಕೆಂಪು, ಹಸಿರು, ನೀಲಿ) 1.0, 0.766, 0.336 ಇಡಿ, ಅದು ಅಪ್ಪಟ ಚಿನ್ನದ್ದು. ನಮ್ಮ ಅಂಗಡಿಗಳದು 916, ಅಂದರೆ 22 ಕ್ಯಾರೆಟ್. ಹಾಗಾಗಿ ಅಂಗಡಿಯ ಒಡವೆ ಪಕ್ಕದಲ್ಲಿಟ್ಟುಕೊಂಡು ಕಣ್ಣಳತೆಯಲ್ಲಿ ಸರಿಮಾಡಿ.

ದಯವಿಟ್ಟು ಆ ಗಿರಗಿರ ನಿಲ್ಲಿಸಿ. ಅಡ್ಡಿಕೆ ಕತ್ತಿನ ಮೇಲೆ ಕೂರುವ ಒಡವೆ, ಗಾಳಿಯಲ್ಲಿ ಸುತ್ತುವುದಲ್ಲ. ಎಲ್ಲ ಕಡೆ ಒಟ್ಟಿಗೆ ಮಿಂಚಿದರೆ ಕಣ್ಣು ಎಲ್ಲೂ ನಿಲ್ಲುವುದಿಲ್ಲ. ಒಡವೆ ಅಲ್ಲಾಡದೆ ಇರಲಿ, ಉದ್ದನೆಯ ಏರಿಯಾ ಲೈಟ್ ಒಂದನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸಿ. ಕಲ್ಲುಗಳು ಒಂದರ ಹಿಂದೊಂದು ಕೆಂಪೇರುತ್ತವೆ. ಬೇರೆ ಅನಿಮೇಷನ್ ಬೇಕಿಲ್ಲ.

ಒತ್ತಕ್ಷರ ಒಡೆಯ:
ಅಕ್ಷರಕ್ಕೆ ನಾನು ಹೇಳುತ್ತೇನೆ. ಪ್ರಿಫರೆನ್ಸಸ್, ಟೈಪ್‌ಗೆ ಹೋಗಿ ಟೆಕ್ಸ್ಟ್ ಎಂಜಿನ್ ಅನ್ನು ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್ ಮಾಡಿ. ಫಾಂಟ್ ಯೂನಿಕೋಡ್ ಆಗಿರಲಿ. ಅಷ್ಟಾದರೂ ಒಂದೊಂದೇ ಅಕ್ಷರ ಕುಣಿಸುವ ಆಸೆ ಬಿಡಿ, 'ಕ್ಷ್ಮಿ' ಮತ್ತೆ ಕೈಕೊಡಬಹುದು. ಪೂರ್ತಿ ಹೆಸರು ಬರೆದು ಮಾಸ್ಕ್‌ನಿಂದ ಎಡದಿಂದ ಬಲಕ್ಕೆ ತೆರೆಯಿರಿ. ರಾಯರ ಲೈಟ್ ಜೊತೆಗೇ ಸಾಗುವ ಹಾಗೆ ಟೈಮಿಂಗ್ ಇಟ್ಟರೆ ಇನ್ನೂ ಚೆನ್ನ.

ಕೀಫ್ರೇಮ್ ಕಟ್ಟೆ:
ತಗಡು ಇಟ್ಟ ತಕ್ಷಣ ಕಲ್ಲಿಗೆ ಜೀವ ಬಂತು! ಹೆಸರೂ ಸರಿಹೋಯಿತು. ಹಿನ್ನೆಲೆಯನ್ನು ಕಡು ಮರೂನ್ ಮಾಡಿದೆ. ಆದರೆ ಫೋನಿನಲ್ಲಿ ನೋಡಿದರೆ ಅದರಲ್ಲಿ ಪಟ್ಟೆಪಟ್ಟೆ ಕಾಣುತ್ತದೆ.

ರೆಂಡರ್ ರಾಯರು:
8 ಬಿಟ್‌ನ ಕಾಟ, ಅದರಲ್ಲಿ ಬಣ್ಣದ ಹಂತಗಳು ಕಡಿಮೆ. ರೆಂಡರ್ ಅನ್ನು ಹೆಚ್ಚು ಹಂತ ಹಿಡಿದಿಡುವ ಇಎಕ್ಸ್‌ಆರ್ ಫೈಲ್‌ನಲ್ಲಿ ತೆಗೆಯಿರಿ, ಆಫ್ಟರ್ ಎಫೆಕ್ಟ್ಸ್ ಪ್ರಾಜೆಕ್ಟ್ 16 ಬಿಟ್‌ಗೆ ಹಾಕಿ. ಕೊನೆಗೆ ಎಚ್.264 ವಿಡಿಯೊ ಮಾಡುವ ಮೊದಲು ಹಿನ್ನೆಲೆಗೆ ಮಾತ್ರ ಕಂಡೂ ಕಾಣದಷ್ಟು ಗ್ರೇನ್ (ಸಣ್ಣ ಚುಕ್ಕೆಗಳು) ಸೇರಿಸಿ. ಒಡವೆ ಮೇಲೆ ಬೇಡ, ಚಿನ್ನ ಮಾಸಿದ ಹಾಗೆ ಕಾಣುತ್ತದೆ.