ಕೇಂಬ್ರಿಜ್‌ನ ಟೆನಿಸ್ ಕೋರ್ಟ್ ರಸ್ತೆಯಲ್ಲಿ ಕೋರ್ಟ್ ಎಲ್ಲಿದೆ?

ಪ್ರಶ್ನೆ:
ಕೇಂಬ್ರಿಜ್‌ನಲ್ಲಿ ಪೆಂಬ್ರೋಕ್ ಬೀದಿಯಿಂದ ಲೆನ್ಸ್‌ಫೀಲ್ಡ್ ರಸ್ತೆಯವರೆಗೆ ಸಾಗುವ ದಾರಿಗೆ ಟೆನಿಸ್ ಕೋರ್ಟ್ ರಸ್ತೆ ಎಂದು ಹೆಸರು. ಮಗಳನ್ನು ನೋಡಲು ಹೋಗಿದ್ದಾಗ ಆ ತುದಿಯಿಂದ ಈ ತುದಿಗೆ ಎರಡು ಸಲ ನಡೆದರೂ ಕಾಲೇಜಿನ ಗೋಡೆಗಳು, ಪ್ರಯೋಗಾಲಯಗಳು ಕಂಡವೇ ಹೊರತು ಒಂದು ನೆಟ್ ಕೂಡ ಕಾಣಲಿಲ್ಲ. ಆ ಕೋರ್ಟ್ ಏನಾಯಿತೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ತಾವು ಹುಡುಕಿದ್ದು ಬಹುಶಃ ಹುಲ್ಲಿನ ಅಂಕಣವನ್ನು. ಆ ಹೆಸರು ಬಂದದ್ದು ಪೆಂಬ್ರೋಕ್ ಕಾಲೇಜಿಗೆ ಸೇರಿದ್ದ ಹಳೆಯ ಕೋರ್ಟಿನಿಂದ. ಅಲ್ಲಿ ನಡೆಯುತ್ತಿದ್ದುದು ನಾಲ್ಕು ಗೋಡೆಗಳ ನಡುವೆ ಆಡುವ ‘ರಿಯಲ್ ಟೆನಿಸ್’. ಹುಲ್ಲಿನ ಮೇಲಿನ ಟೆನಿಸ್ 1870ರ ದಶಕದ್ದಾದರೆ, ಈ ಆಟ 16ನೆಯ ಶತಮಾನದಲ್ಲೇ ಕೇಂಬ್ರಿಜ್ ಕಾಲೇಜುಗಳಲ್ಲಿ ಬೇರೂರಿತ್ತು. 1690ರಲ್ಲಿ ಡೇವಿಡ್ ಲಾಗನ್ ಪ್ರಕಟಿಸಿದ ಕಾಲೇಜುಗಳ ಚಿತ್ರಗಳಲ್ಲಿ ಇಂಥ ಕೋರ್ಟ್‌ಗಳನ್ನು ಕಾಣಬಹುದು. ‘ರಿಯಲ್’ ಎಂದರೆ ರಾಜರ ಆಟ ಎಂದರ್ಥ.

ಉತ್ತರ 2:
ಕೊನೆಯ ಮಾತೊಂದನ್ನು ತಿದ್ದಬೇಕು. ರಾಜರು ಆಡಿದ್ದು ನಿಜ, ಆದರೆ ‘ರಿಯಲ್’ ಎಂಬ ವಿಶೇಷಣ ಅಂಟಿಕೊಂಡದ್ದು ಹುಲ್ಲಿನ ಆಟವು ಟೆನಿಸ್ ಎಂಬ ಹೆಸರನ್ನೇ ತನ್ನದಾಗಿಸಿಕೊಂಡ ಮೇಲೆ. ಹಳಬರು ತಮ್ಮದೇ ಅಸಲಿ ಎಂದು ಹೇಳಿಕೊಳ್ಳಬೇಕಾಯಿತು. ಹೆಸರು ಕಳೆದುಕೊಂಡವರ ಹಟ ಎನ್ನಬಹುದು!

ಆಟದ ರೀತಿಯೇ ಬೇರೆ. ಮೂರು ಗೋಡೆಗಳಿಗೆ ಒರಗಿದಂತೆ, ನಮ್ಮ ಹಳೆಯ ಮನೆಗಳ ಜಗಲಿಯ ಮಾಡಿನಂಥ ಇಳಿಜಾರು ಸೂರು ಇರುತ್ತದೆ. ಸರ್ವ್ ಮಾಡಿದ ಚೆಂಡು ಮೊದಲು ಅದರ ಮೇಲೆ ಬಡಿದು, ಉರುಳಿ, ಎದುರಾಳಿಯ ಕಡೆಗೆ ಇಳಿಯಬೇಕು. ಬಿರಡೆಯ (ಕಾರ್ಕ್) ತಿರುಳಿಗೆ ಬಟ್ಟೆಪಟ್ಟಿ ಸುತ್ತಿ, ದಾರ ಬಿಗಿದು, ಮೇಲೆ ಉಣ್ಣೆಬಟ್ಟೆ ಹೊಲಿದ ಚೆಂಡನ್ನು ಇಂದಿಗೂ ಕೈಯಲ್ಲೇ ಕಟ್ಟುತ್ತಾರೆ. ರಬ್ಬರ್ ಚೆಂಡಿನಂತೆ ಅದು ಪುಟಿಯುವುದಿಲ್ಲ. ನೆಟ್ ಎರಡು ಬದಿಗಳಲ್ಲಿ 5 ಅಡಿ ಎತ್ತರವಿದ್ದು ನಡುವೆ 3 ಅಡಿಗೆ ಜೋತಿರುತ್ತದೆ.

ಇಂದಿನ ಅಳತೆಯ ಕೋರ್ಟಿಗೆ ಸುಮಾರು 110 ಅಡಿ ಉದ್ದ, 39 ಅಡಿ ಅಗಲದ ಜಾಗ ಬೇಕು. ಒಂದು ಸಲಕ್ಕೆ ಇಬ್ಬರೋ ನಾಲ್ವರೋ ಆಡುವ ಆಟಕ್ಕಾಗಿ ನಗರದ ನಡುವೆ ಅಷ್ಟು ನೆಲವನ್ನು ಉಳಿಸಿಕೊಳ್ಳುವುದು ಕಾಲೇಜುಗಳಿಗೆ ಸುಲಭವಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ಮುಂದಿನ ಸಲ ಹೋದಾಗ ಅಂಥ ಕೋರ್ಟನ್ನು ನೋಡುವ ಅವಕಾಶವಿದೆಯೇ?

ಉತ್ತರ 2:
ಇದೆ. ಗ್ರೇಂಜ್ ರಸ್ತೆಯ ಬಳಿ 1866ರಲ್ಲಿ ಕಟ್ಟಿದ ಕೋರ್ಟ್‌ನಲ್ಲಿ ಈಗಲೂ ಆಟ ನಡೆಯುತ್ತದೆ. ಆಕ್ಸ್‌ಫರ್ಡ್‌ಗೆ ಹೋದರೆ ಮರ್ಟನ್ ಬೀದಿಯಲ್ಲಿ 1798ರ ಕಟ್ಟಡವಿದೆ.