15 ವರ್ಷ ದಾಟಿದ ಪಿಕಪ್ ಬಿಟ್ಟು ಎಸ್‌ಯುವಿ: ತೋಟಕ್ಕೂ ಮನೆಗೂ ಒಂದೇ ಗಾಡಿ ಸಾಕಾಗುತ್ತಾ?

ತೋಟದಹಾದಿ:
ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ಅಡಿಕೆ ತೋಟ. 2009ರ ಬೊಲೆರೊ ಪಿಕಪ್ ಇದೆ, ಯೆಲ್ಲೋ ಬೋರ್ಡ್, 2.4 ಲಕ್ಷ ಕಿ.ಮೀ. ಓಡಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬರುತ್ತೆ, ಹಿಂದಿನ ಪಟ್ಟಿ (ಲೀಫ್ ಸ್ಪ್ರಿಂಗ್) ಕೂತುಹೋಗಿದೆ, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮುಂದಿನ ತಿಂಗಳು ಮುಗಿಯುತ್ತೆ. ಮನೇಲಿ ಐದು ಜನ. ಇದನ್ನ ಕೊಟ್ಟು ಡೀಸೆಲ್ ಎಸ್‌ಯುವಿ ತಗೊಂಡರೆ ಗೊಬ್ಬರ, ಅಡಿಕೆ, ಮನೆಯವರ ಓಡಾಟ ಎಲ್ಲಕ್ಕೂ ಆಗುತ್ತಾ? ಟಾರ್ ರಸ್ತೆಗೆ 3 ಕಿ.ಮೀ. ಮಣ್ಣಿನ ದಾರಿ, ಮಳೆಗಾಲದಲ್ಲಿ ಕೆಸರು. ದಿನಕ್ಕೆ 10–12 ಕಿ.ಮೀ. ಓಡಾಟ. ಕೈಯಲ್ಲಿ 18 ಲಕ್ಷ ಇದೆ. ಹಳೇದನ್ನ ಮಾರೋದಾ, ಗುಜರಿಗೆ ಹಾಕೋದಾ?

ಭಾರದಲೆಕ್ಕ:
ಮೊದಲು ತೂಕ ನೋಡಿ ಸರ್. ಯಾವುದೇ ಗಾಡಿಯ ಒಟ್ಟು ತೂಕದ ಮಿತಿಯಿಂದ ಖಾಲಿ ತೂಕ ಕಳೆದರೆ ಉಳಿಯೋದೇ ಅದು ಹೊರಬಹುದಾದ ಭಾರ. ಏಳು ಸೀಟಿನ ಎಸ್‌ಯುವಿಗಳಲ್ಲಿ ಇದು ಸಾಮಾನ್ಯವಾಗಿ 500–600 ಕಿಲೋ, ಕೂತವರ ತೂಕವೂ ಸೇರಿ. ಡಿಎಪಿ ಚೀಲ 50 ಕಿಲೋ, ಯೂರಿಯಾ 45. ಎಂಟು ಚೀಲ ಡಿಎಪಿ, ಮುಂದೆ ಇಬ್ಬರು ಕೂತರೆ 540 ಕಿಲೋ ಆಯ್ತು. ಪಿಕಪ್‌ನಲ್ಲಿ ಟನ್ ಲೆಕ್ಕದಲ್ಲಿ ಹೇರಿ ಅಭ್ಯಾಸ ಇರೋರಿಗೆ ಇದೇ ದೊಡ್ಡ ವ್ಯತ್ಯಾಸ. ಕಾಯಿಲ್ ಸ್ಪ್ರಿಂಗ್ ಹಿಂಭಾರದಲ್ಲಿ ಕೂತರೆ ಮುಂದಿನ ಚಕ್ರ ಹಗುರಾಗುತ್ತೆ, ಘಾಟಿ ತಿರುವಿನಲ್ಲಿ ಸ್ಟಿಯರಿಂಗ್ ಹಿಡಿತ ತಪ್ಪುತ್ತೆ, ರಾತ್ರಿ ಹೆಡ್‌ಲೈಟ್ ಮೇಲಕ್ಕೆ ಹೊಡೆಯುತ್ತೆ.

ಹೇರೋದೇ ಆದರೆ ಚೀಲಗಳನ್ನ ಡಿಕ್ಕಿ ಬಾಗಿಲಿನ ಹತ್ತಿರ ಅಲ್ಲ, ಎರಡನೇ ಸಾಲಿನ ಸೀಟಿನ ಬೆನ್ನಿಗೆ ಒತ್ತಿ ಕೆಳಗೇ ಜೋಡಿಸಿ ಕಟ್ಟಿ. ಅಡಿಯಲ್ಲಿ ದಪ್ಪ ಟಾರ್ಪಾಲು ಹಾಸಿ. ಯೂರಿಯಾ ತೇವ ಎಳೆಯುತ್ತೆ, ಚೆಲ್ಲಿದ್ದು ಕಾರ್ಪೆಟ್ ಕೆಳಗೆ ಇಳಿದರೆ ಸೀಟಿನ ರೈಲು, ಬೆಲ್ಟಿನ ಬೋಲ್ಟು, ವೈರಿಂಗ್ ಕನೆಕ್ಟರು ತುಕ್ಕು ಹಿಡಿಯುತ್ತವೆ. ಮೈಲುತುತ್ತ ಇನ್ನೂ ಕೆಟ್ಟದ್ದು, ಅದನ್ನ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲೇ ತನ್ನಿ. 200 ಲೀಟರ್ ಔಷಧಿ ಡ್ರಮ್ಮನ್ನ ಎಸ್‌ಯುವಿ ಒಳಗೆ ಸಾಗಿಸಲೇಬೇಡಿ: ಅರ್ಧ ತುಂಬಿದ್ದು ತುಳುಕಿ ಗಾಡಿಯನ್ನೇ ಎಳೆಯುತ್ತೆ. ದೋಟಿ, ಏಣಿ ಮೇಲೆ ಕಟ್ಟೋ ಮುಂಚೆ ಕೈಪಿಡಿಯಲ್ಲಿ ರೂಫಿನ ಮಿತಿ ನೋಡಿ. ಸೈಡಿಗೆ ಅಂದಕ್ಕೆ ಹಾಕಿರೋ ರೈಲುಗಳು ಭಾರಕ್ಕೆ ಅಲ್ಲ.

ವರ್ಷದಲ್ಲಿ ನಾಲ್ಕು ಕ್ವಿಂಟಲ್‌ಗಿಂತ ಹೆಚ್ಚು ಹೇರೋ ದಿನ ಎಷ್ಟು ಅಂತ ಎಣಿಸಿ. 20ರೊಳಗೆ ಇದ್ದರೆ ಆ ದಿನಗಳಿಗೆ ಬಾಡಿಗೆ ಪಿಕಪ್ ಕರೆಸೋದೇ ಅಗ್ಗ.

ಗ್ಯಾರೇಜ್_ಬೆಂಚು:
ಭಾರಕ್ಕಿಂತ ನಿಮ್ಮ ಓಡಾಟದ ರೀತಿ ನೋಡಿ ನನಗೆ ಆತಂಕ. ಈಗಿನ ಬಿಎಸ್6 ಡೀಸೆಲ್‌ಗಳ ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್, ಅಂದ್ರೆ ಹೊಗೆಯ ಮಸಿ ಹಿಡಿಯೋ ಫಿಲ್ಟರ್ ಇರುತ್ತೆ. ಅದರಲ್ಲಿ ಕೂತ ಮಸಿ ಸುಡಬೇಕಾದ್ರೆ ಸುಮಾರು 600 ಡಿಗ್ರಿ ಕಾವು ಬೇಕು. ಮೂರು ಕಿ.ಮೀ. ಕೆಸರಲ್ಲಿ ಸೆಕೆಂಡ್ ಗೇರ್, ಪೇಟೆಯಲ್ಲಿ ನಿಲ್ಲಿಸು, ಮತ್ತೆ ವಾಪಸ್: ಆ ಕಾವು ಬರೋದೇ ಇಲ್ಲ. ಸುಡೋಕೆ ಶುರುವಾದ ಹೊತ್ತಿಗೆ ನೀವು ಇಂಜಿನ್ ಆಫ್ ಮಾಡಿರ್ತೀರಿ. ಹೀಗೆ ಪದೇಪದೇ ಅರ್ಧಕ್ಕೆ ನಿಂತರೆ ಹೆಚ್ಚುವರಿ ಸಿಂಪಡಿಸಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಆಯಿಲ್‌ಗೆ ಇಳಿಯುತ್ತೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕಮ್ಮಿ ಆಗೋದರ ಬದಲು ಮ್ಯಾಕ್ಸ್ ಗೆರೆ ದಾಟಿದ್ದರೆ ಇದೇ ಕಾರಣ, ತಕ್ಷಣ ಆಯಿಲ್ ಬದಲಿಸಿ.

ಡೀಸೆಲ್ಲೇ ಬೇಕಂದ್ರೆ ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಆನಂದಪುರದ ತನಕ ಹೋಗಿ ಬನ್ನಿ, 25–30 ನಿಮಿಷ 60ರ ವೇಗ, ಒಂದು ಗೇರ್ ಕೆಳಗೆ ಇಟ್ಟು. ಡಿಪಿಎಫ್ ದೀಪ ಹತ್ತಿದಾಗ ಮನೆಗೆ ತಿರುಗಿಸಬೇಡಿ, ಆರೋ ತನಕ ಓಡಿಸಿ. ಆಯಿಲ್ ಕೈಪಿಡಿ ಹೇಳಿದ ಕಡಿಮೆ ಬೂದಿಯ ದರ್ಜೆಯದ್ದೇ ಹಾಕಿಸಿ, ಹಳೇ ಪಿಕಪ್‌ಗೆ ಹಾಕಿ ಉಳಿದ ಡಬ್ಬ ಬೇಡ.

ನಿಮ್ಮದು ವರ್ಷಕ್ಕೆ 4,000 ಕಿ.ಮೀ. ಚಿಲ್ಲರೆ ಅಷ್ಟೇ. ಅಷ್ಟಕ್ಕೆ ಇಂಧನದಲ್ಲಿ ಡೀಸೆಲ್ ಉಳಿಸೋದು ಅದರ ಹೆಚ್ಚಿನ ಬೆಲೆ ತೀರಿಸೋಕೆ ಹತ್ತಿರವೂ ಬರಲ್ಲ. ಪೆಟ್ರೋಲ್ ಧೈರ್ಯವಾಗಿ ನೋಡಿ.

ಕೆಸರಿಗೆ ಗಾಡಿಗಿಂತ ಟೈರ್ ಮುಖ್ಯ. ಶೋರೂಮಿನಿಂದ ಬರೋ ಹೈವೇ ಟೈರಿನ ಗೆರೆಗಳಲ್ಲಿ ಕೆಂಪು ಮಣ್ಣು ತುಂಬಿದರೆ ಫೋರ್ ಬೈ ಫೋರ್ ಇದ್ದರೂ ನಾಲ್ಕೂ ಚಕ್ರ ಸುಮ್ಮನೆ ತಿರುಗುತ್ತವೆ. ಆಲ್ ಟೆರೇನ್ ಹಾಕಿಸಿ. ಪಾರ್ಟ್ ಟೈಮ್ ಫೋರ್ ಬೈ ಫೋರ್ (ಬೇಕಾದಾಗ ಮಾತ್ರ ನಾವೇ ಹಾಕೋದು) ಆದರೆ ಟಾರ್ ಹತ್ತಿದ ಕೂಡಲೇ ಟೂ ವೀಲ್‌ಗೆ ತನ್ನಿ. ಒಣ ರಸ್ತೆಯ ತಿರುವಿನಲ್ಲಿ ಹಿಂದೆ ಮುಂದೆ ಆಕ್ಸಲ್ ಬೇರೆ ಬೇರೆ ವೇಗದಲ್ಲಿ ತಿರುಗಬೇಕು, ಬಿಡದೇ ಇದ್ದರೆ ಎರಡೂ ಆಕ್ಸಲ್‌ಗೆ ಶಕ್ತಿ ಹಂಚೋ ಟ್ರಾನ್ಸ್‌ಫರ್ ಕೇಸಿಗೆ ಏಟು.

ಕಾಗದಪತ್ರ:
18 ಲಕ್ಷ ಅಂದ್ರೆ 18 ಲಕ್ಷದ ಗಾಡಿ ಅಲ್ಲ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ ಆಜೀವ ತೆರಿಗೆ ಶೇ. 17, ಆ ತೆರಿಗೆ ಮೇಲೆ ಶೇ. 11 ಸೆಸ್. ಶೋರೂಮ್ ಬೆಲೆ 14 ಲಕ್ಷ ಇದ್ದರೆ 2,64,180 ರೂ. ಇದಕ್ಕೇ ಹೋಯ್ತು. ವಿಮೆ ಸೇರಿ ನಿಮ್ಮ ದುಡ್ಡು ಅಲ್ಲಿಗೆ ಮುಗೀತು. 5ರಿಂದ 10 ಲಕ್ಷದ ಒಳಗೆ ಶೇ. 14. ಹಾಗಾಗಿ 9.9 ಲಕ್ಷಕ್ಕೂ 10.1 ಲಕ್ಷಕ್ಕೂ ತೆರಿಗೆಯಲ್ಲೇ 36,000 ಮೀರಿ ವ್ಯತ್ಯಾಸ. 10 ಲಕ್ಷ ದಾಟಿದ ಗಾಡಿಗೆ ಡೀಲರ್ ಶೇ. 1 ಟಿಸಿಎಸ್ (ಮಾರುವಾಗಲೇ ವಸೂಲು ಮಾಡೋ ಆದಾಯ ತೆರಿಗೆ) ಹಿಡೀತಾರೆ. ಕೃಷಿ ಆದಾಯ ಮಾತ್ರ ಇದ್ದರೂ ಆದಾಯ ತೆರಿಗೆ ರಿಟರ್ನ್ ಹಾಕಿದರೆ ಅದು ವಾಪಸ್ ಬರುತ್ತೆ, ಎಷ್ಟೋ ಜನ ಬಿಟ್ಟುಬಿಡ್ತಾರೆ.

2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1,500 ಸಿಸಿ ತನಕದ ಡೀಸೆಲ್‌ಗೆ ಜಿಎಸ್‌ಟಿ ಶೇ. 18. ಅದಕ್ಕಿಂತ ದೊಡ್ಡ ಎಸ್‌ಯುವಿಗೆ ಶೇ. 40. ಬೊಲೆರೊ, ಬೊಲೆರೊ ನಿಯೊ ಎರಡೂ 1,493 ಸಿಸಿ, ಲ್ಯಾಡರ್ ಚಾಸಿ, 18ರ ಸಾಲಿಗೆ ಬರುತ್ತವೆ.

ಪಿಕಪ್‌ನ ವಿಮೆಯ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗೋ ರಿಯಾಯಿತಿ) ಕಾರಿಗೆ ವರ್ಗ ಆಗಲ್ಲ. ಒಂದೇ ವರ್ಗದ ಗಾಡಿಗೆ ಮಾತ್ರ ಅದು. ಏಜೆಂಟ್ ಬಾಯಿಮಾತಿಗೆ ಒಪ್ಪಿ ಹಾಕಿಸಿದರೆ ಕ್ಲೇಮ್ ಹೊತ್ತಿಗೆ ತಕರಾರು.

ಮಾರೋದಾದರೆ ಎಫ್‌ಸಿ ಚಾಲ್ತಿ ಇರುವಾಗಲೇ ಮಾರಿ. ಹಳೇ ಸಾಲ ಇದ್ದಿದ್ದರೆ ಬ್ಯಾಂಕ್ ಎನ್‌ಒಸಿ ಜೊತೆ ಫಾರ್ಮ್ 35 ಕೊಟ್ಟು ಸಾಲದ ನಮೂದನ್ನ ಆರ್‌ಸಿಯಿಂದ ತೆಗೆಸಿ. ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ ಮಾಡಿ ಕೊಟ್ಟು ಕೂರಬೇಡಿ, ಹೆಸರು ಬದಲಾಗೋ ತನಕ ಬೆನ್ನುಹತ್ತಿ. ಆರ್‌ಸಿಯಲ್ಲಿ ಹೆಸರಿರೋನೇ ಮಾಲೀಕ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಕೊಂಡವನು ಮಾಡಿದ ಅಪಘಾತದ ಪರಿಹಾರ ನಿಮ್ಮ ತಲೆಗೆ ಬರುತ್ತೆ.

ಗುಜರಿಗಾದರೆ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೇ ಕೊಟ್ಟು ಠೇವಣಿ ಪ್ರಮಾಣಪತ್ರ ತಗೊಳ್ಳಿ, ಹೊಸ ಗಾಡಿಯ ನೋಂದಣಿ ಶುಲ್ಕದ ರಿಯಾಯಿತಿಗೆ ಅದೇ ದಾಖಲೆ. ಬೀದಿ ಗುಜರಿಯವನು ಒಡೆದರೆ ಆರ್‌ಸಿ ನಿಮ್ಮ ಹೆಸರಲ್ಲೇ ಜೀವಂತ.

ತೋಟದಹಾದಿ:
ತುಂಬಾ ಉಪಕಾರ. ಎಣಿಸಿದೆ, ದೊಡ್ಡ ಭಾರದ ದಿನ 35ರ ಮೇಲೆ ಇದೆ. ಹಾಗಾದ್ರೆ 10 ಲಕ್ಷದ ಒಳಗಿನ ಚಿಕ್ಕ ಎಸ್‌ಯುವಿ ತಗೊಂಡು ಪಿಕಪ್‌ನೂ ರಿಪೇರಿ ಮಾಡಿಸಿ ಇಟ್ಕೊಳ್ಳಲಾ?

ಗ್ಯಾರೇಜ್_ಬೆಂಚು:
ಚಾಸಿ ನೋಡದೆ ಒಂದು ರೂಪಾಯೂ ಹಾಕಬೇಡಿ. ಗೊಬ್ಬರ ಹೇರಿದ ಗಾಡಿ ಕೊಳೆಯೋದು ಹಿಂದಿನ ಪಟ್ಟಿಯನ್ನ ಚಾಸಿಗೆ ಹಿಡಿಯೋ ಶ್ಯಾಕಲ್ ಬ್ರಾಕೆಟ್ ಸುತ್ತ, ತೊಟ್ಟಿ ಕೆಳಗಿನ ಅಡ್ಡಪಟ್ಟಿಗಳಲ್ಲಿ. ಮಣ್ಣು ತೊಳೆಸಿ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಠಣ್ ಅನ್ನಬೇಕು. ಮಂದ ಸದ್ದು ಬಂದು ಚಕ್ಕೆ ಏಳೋ ಕಡೆ ಸ್ಕ್ರೂಡ್ರೈವರ್ ಚುಚ್ಚಿ, ಒಳಗೆ ಹೋದರೆ ಅಲ್ಲಿಗೆ ಬಿಡಿ, ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕಳಿಸಿ.

ಚಾಸಿ ಗಟ್ಟಿ ಇದ್ದರೆ ಇಂಜಿನ್. ಚೆನ್ನಾಗಿ ಬಿಸಿ ಆದ ಮೇಲೆ ಐಡಲ್‌ನಲ್ಲಿ ಆಯಿಲ್ ಹಾಕೋ ಮುಚ್ಚಳ ತೆಗೆದು ಬಾಯಿಗೆ ಅಡ್ಡ ಇಡಿ. ಮುಚ್ಚಳ ಕುಣಿದು ಬೀಳೋ ಹಾಗೆ ಹೊಗೆ ತಳ್ಳಿದರೆ ರಿಂಗು, ಲೈನರ್ ಸವೆದಿವೆ. ಹೊಗೆ ಬೆಳಿಗ್ಗೆ ಒಂದು ನಿಮಿಷ ಮಾತ್ರ ಬಂದು ನಿಂತರೆ ವಾಲ್ವ್ ಸೀಲ್ ಇರಬಹುದು, ಅದು ಸಣ್ಣ ಕೆಲಸ. ಎಫ್‌ಸಿಗೆ ಮುಂಚೆ ಪಟ್ಟಿ ಕಟ್ಟನ್ನ ಎರಡೂ ಕಡೆ ಒಟ್ಟಿಗೇ ಬದಲಿಸಿ, ಸೆಂಟರ್ ಬೋಲ್ಟು, ಯೂ ಬೋಲ್ಟು ಹೊಸದೇ ಹಾಕಿಸಿ, 500 ಕಿ.ಮೀ. ಆದ ಮೇಲೆ ಭಾರ ಹೇರಿದ ಸ್ಥಿತಿಯಲ್ಲಿ ಮತ್ತೊಮ್ಮೆ ಟೈಟ್ ಮಾಡಿಸಿ.