ಪದಚರ್ಚೆ: ‘ಫಾರಿನ್ ಕೀ’ ದಾಟಿ ಫಿಲ್ಟರ್ ಮಾಡುವುದಕ್ಕೆ ಏನನ್ನೋಣ?

ಶಿಡ್ಲಘಟ್ಟದಿಂದ:
ರೇಷ್ಮೆಗೂಡು ವಹಿವಾಟಿನ ತಂತ್ರಾಂಶದ ಕೈಪಿಡಿ ನಾಳೆ ಅಚ್ಚಿಗೆ ಹೋಗಬೇಕು. ಲಾಟಿನ (ರೈತ ಒಮ್ಮೆ ತಂದ ಗೂಡಿನ ರಾಶಿ) ಟೇಬಲ್ಲಿನಲ್ಲಿ ತಾಲ್ಲೂಕು ಇಲ್ಲ. ಲಾಟು ರೈತನನ್ನು ತೋರಿಸುತ್ತೆ, ರೈತ ಹಳ್ಳಿಯನ್ನು, ಹಳ್ಳಿ ಹೋಬಳಿಯನ್ನು, ಹೋಬಳಿ ತಾಲ್ಲೂಕನ್ನು. ‘ಚಿಂತಾಮಣಿ ತಾಲ್ಲೂಕಿನ ಲಾಟುಗಳು’ ಬೇಕೆಂದರೆ ನಾಲ್ಕು ಫಾರಿನ್ ಕೀ (ಒಂದು ಟೇಬಲ್ಲಿನಿಂದ ಇನ್ನೊಂದರ ಸಾಲನ್ನು ತೋರಿಸುವ ಕೊಂಡಿ) ದಾಟಬೇಕು. ಹಳೇ ಕರಡಿನಲ್ಲಿ ‘ವಿದೇಶಿ ಕೀಲಿ ಮೂಲಕ ಶೋಧನೆ’ ಅಂತಿದೆ. ಬದಲಿಗೆ ಏನು ಹಾಕಲಿ?

ಕೋಲಾರದಿಂದ:
‘ವಿದೇಶಿ’ ಬೇಡವೇ ಬೇಡ. ಇನ್ನೊಂದು ಟೇಬಲ್ಲಿನ ಕೀಲಿ ಅಷ್ಟೆ, ‘ಹೊರಕೀಲಿ’ ಸಾಕು. ಶೋಧನೆ ಎಂದರೆ ಹುಡುಕಾಟ. ಇಲ್ಲಿ ಆಗೋದು ಸೋಸೋದು.

ತುಮಕೂರಿನಿಂದ:
ಸೋಸೋದು ಕಾಫಿಗೆ, ಎಣ್ಣೆಗೆ. ಕಾಳಿಗೆ ಜರಡಿ. ಮತ್ತೆ ಅದು ‘ಹೊರಗೀಲಿ’ ಆಗಬೇಕು. ಆದೇಶ ಸಂಧಿ ಬಿಟ್ಟು ಬರೆಯೋದನ್ನು ನಾನು ಒಪ್ಪಲ್ಲ.

ಕೋಲಾರದಿಂದ:
ಸೊಪ್ಪು ಸೋಸಲ್ವೇ ಸ್ವಾಮಿ? ಬೇಕಾದ ಎಲೆ ಇಟ್ಟುಕೊಂಡು ಮಿಕ್ಕದ್ದು ಬಿಡ್ತಾರೆ. ಷರತ್ತಿಗೆ ಹೊಂದುವ ಸಾಲು ಉಳಿಸಿಕೊಳ್ಳೋದೂ ಅದೇ. ‘ಹೊರಗೀಲಿ’ ಅಂತ ಅಚ್ಚು ಹಾಕಿದರೆ ಅದು ಕೀಲಿ ಅಂತಲೇ ಗೊತ್ತಾಗಲ್ಲ.

ಚಿಕ್ಕಬಳ್ಳಾಪುರದಿಂದ:
ಪದಕ್ಕಿಂತ ದಿಕ್ಕು ಮುಖ್ಯ. ಲಾಟಿನಿಂದ ತಾಲ್ಲೂಕಿಗೆ ಹತ್ತುವಾಗ ಒಂದು ಲಾಟಿಗೆ ಒಬ್ಬನೇ ರೈತ, ಹಾಗಾಗಿ ಸಾಲು ಹೆಚ್ಚಲ್ಲ. ತಿರುಗಿಸಿ ‘50 ಕಿಲೋ ಮೀರಿದ ಲಾಟು ತಂದ ರೈತರು’ ಅಂತ ಕೇಳಿದರೆ, ಅಂಥ ಮೂರು ಲಾಟು ತಂದವನ ಹೆಸರು ಮೂರು ಸಲ ಬರುತ್ತೆ. ಟೇಬಲ್ಲುಗಳನ್ನು ಜೋಡಿಸುವ ಜಾಯಿನ್ ಬದಲು, ಅಂಥ ಲಾಟು ಇದೆಯೇ ಎಂದಷ್ಟೇ ನೋಡುವ ಎಕ್ಸಿಸ್ಟ್ಸ್ ಬಳಸಿ, ಇಲ್ಲವೇ ಮತ್ತೆ ಮತ್ತೆ ಬಂದ ಸಾಲು ತೆಗೆಯುವ ಡಿಸ್ಟಿಂಕ್ಟ್ ಹಾಕಿ. ಜ್ಯಾಂಗೋ ಎಂಬ ಪೈಥಾನ್ ವೆಬ್ ಚೌಕಟ್ಟಿನಲ್ಲಾದರೆ ಇನ್ನೊಂದು ಪೇಚಿದೆ. ‘50 ಕಿಲೋ ಮೀರಿದ’, ‘ಜೂನ್‌ನಲ್ಲಿ ತಂದ’ ಎರಡನ್ನೂ ಒಂದೇ ಫಿಲ್ಟರ್ ಒಳಗೆ ಕೊಟ್ಟರೆ ಒಂದೇ ಲಾಟು ಎರಡಕ್ಕೂ ಹೊಂದಬೇಕು. ಒಂದರ ಹಿಂದೊಂದು ಎರಡು ಫಿಲ್ಟರ್ ಕೊಟ್ಟರೆ, ಬೇರೆ ಬೇರೆ ಲಾಟು ಹೊಂದಿದರೂ ರೈತ ಪಟ್ಟಿಗೆ ಬಂದುಬಿಡ್ತಾನೆ. ‘ಸೋಸು’ ಆಗಲಿ ‘ಜರಡಿ’ ಆಗಲಿ ಇದನ್ನು ಹೇಳಲ್ಲ. ‘ರೈತನ ತಾಲ್ಲೂಕಿನ ಪ್ರಕಾರ ಲಾಟು ಸೋಸಿ’ ಅಂತ ಪೂರ್ತಿ ವಾಕ್ಯ ಬರೆಯಿರಿ.

ತುಮಕೂರಿನಿಂದ:
ಜಾಯಿನ್, ಎಕ್ಸಿಸ್ಟ್ಸ್, ಡಿಸ್ಟಿಂಕ್ಟ್. ಹೀಗೆ ಬರೆಯೋದಾದರೆ ಕನ್ನಡ ಕೈಪಿಡಿ ಯಾಕೆ?

ಚಿಕ್ಕಬಳ್ಳಾಪುರದಿಂದ:
ಅವು ಆಜ್ಞೆಗಳು, ಟೈಪ್ ಮಾಡುವಾಗ ಹಾಗೇ ಇರಬೇಕು. ರೈತ, ಜಿಲ್ಲೆ, ದಾಖಲೆ ಮೂರರ ಬೇರೂ ಅರಬ್ಬಿ. ತಾಲ್ಲೂಕಿನ ಮೂಲ ‘ತಅಲ್ಲುಕ್’, ಅಂದರೆ ಸಂಬಂಧ. ಇವನ್ನು ಬಿಟ್ಟು ಒಂದು ಅರ್ಜಿ ಬರೆಯೋಕೂ ಆಗಲ್ಲ.

ಶಿಡ್ಲಘಟ್ಟದಿಂದ:
‘ಹೊರಕೀಲಿ’, ‘ಸೋಸಿ’ ಹಾಕ್ತಿದ್ದೀನಿ. ಹಳ್ಳಿ ತುಂಬದ ರೈತರ ಲಾಟು ಪಟ್ಟಿಯಲ್ಲಿ ಬರ್ತಿಲ್ಲ, ಅದಕ್ಕೂ ಒಂದು ಸಾಲು ಕೊಡಿ.

ಚಿಕ್ಕಬಳ್ಳಾಪುರದಿಂದ:
ಹೊರಕೀಲಿ ಖಾಲಿ ಇದ್ದರೆ, ಎರಡೂ ಕಡೆ ಜೋಡಿ ಸಿಕ್ಕ ಸಾಲನ್ನಷ್ಟೇ ಇಡುವ ಇನ್ನರ್ ಜಾಯಿನ್ ಆ ಲಾಟನ್ನೇ ಕೈಬಿಡುತ್ತೆ. ಜೋಡಿ ಸಿಗದ ಲಾಟನ್ನೂ ಉಳಿಸುವ ಲೆಫ್ಟ್ ಜಾಯಿನ್ ಮಾಡಿ, ಷರತ್ತು ಬರೆಯುವ ‘ವೇರ್’ನಲ್ಲಿ ತಾಲ್ಲೂಕಿನ ಷರತ್ತಿಟ್ಟರೂ ಅದೇ ಗತಿ, ಅಲ್ಲಿ ತಾಲ್ಲೂಕು ಖಾಲಿ ಇರುತ್ತಲ್ಲ. ‘ಹಳ್ಳಿ ನಮೂದಿಸದ ರೈತರ ಲಾಟು ಈ ಪಟ್ಟಿಯಲ್ಲಿ ಸೇರುವುದಿಲ್ಲ’ ಅಂತ ಹಾಕಿ.